ಹಾಲ್‌ನ ಬೆಂಚುಗಳು

ಮಾರ್ಚ್ ೧೪, ಗುರುವಾರ

ಅಕ್ಕನ ಕಾಲಿನ ಊತ ಇನ್ನೂ ಇಳಿದಿಲ್ಲ. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಊಟ ಮಾಡಿದಳು.

ಗಡಿಯಾಚೆ ಇರುವ ತನ್ನ ಮಗಳ ಮನೆಯಿಂದ ಇವತ್ತು ಬಂದಳು. ನಮ್ಮ ಗಡಿ ಠಾಣೆಯ ಪಾಸ್‌ಪೋರ್ಟ್ ಸಾಲಿನಲ್ಲಿ ಮಧ್ಯಾಹ್ನವೆಲ್ಲ ನಿಂತಿದ್ದಳಂತೆ. ನನ್ನ ಹೆಸರು ಹೇಳಿದ್ದರೆ ಒಳಗೆ ಕರೆದು ಕೂರಿಸುತ್ತಿದ್ದರು. ತಮ್ಮನ ಮರ್ಯಾದೆಗೆ ಕುಂದು ಅಂತ ಹೇಳಲಿಲ್ಲವಂತೆ.

"ಅಷ್ಟು ದೊಡ್ಡ ಹಾಲ್ ಕಣೋ, ಮೊದಲಿದ್ದ ಬೆಂಚು ಒಂದೂ ಇಲ್ಲ. ಯಾವ ಪುಣ್ಯಾತ್ಮ ತೆಗೆಸಿದ್ನೋ! ನೀನು ದೊಡ್ಡ ಸಾಹೇಬ ಅಲ್ವಾ, ಅವನನ್ನ ಕರೆದು ಸ್ವಲ್ಪ ಬೈಯಿ."

"ಆಯ್ತಕ್ಕ, ವಿಚಾರಿಸ್ತೀನಿ" ಅಂದೆ.

ತೆಗೆಸಿದ್ದು ನಾನೇ. ಕೂರಲು ಜಾಗ ಕೊಟ್ಟರೆ ಜನ ಕರೆದಾಗ ಏಳುವುದಿಲ್ಲ, ಸಾಲು ಕೆಡುತ್ತದೆ ಎಂದು ಮೇಲಿನವರ ಮುಂದೆ ವಾದಿಸಿದ್ದೆ. ಸಾಲು ಚುರುಕಾಯಿತು. ಬೆನ್ನು ತಟ್ಟಿದರು, ಎಲ್ಲ ಠಾಣೆಗಳಲ್ಲೂ ತೆಗೆಸಿದರು. ನನಗೆ ಈ ಹುದ್ದೆ ಸಿಕ್ಕಿದ್ದೇ ಅದರಿಂದ. ಮೊಣಕಾಲು ಹಿಡಿದುಕೊಂಡು ನಿಂತವರನ್ನು ಗಾಜಿನ ಹಿಂದಿನಿಂದ ಎಷ್ಟು ಸಲ ನೋಡಿಲ್ಲ ನಾನು? ಅವರಲ್ಲಿ ಒಬ್ಬರೂ ಅಕ್ಕನ ಹಾಗೆ ಕಾಣಲಿಲ್ಲವಲ್ಲ.

ಮಲಗುವ ಮುಂಚೆ ಅವಳಿಗೇ ಏನನ್ನಿಸಿತೋ, ಕರೆದಳು.

"ಬೈಬೇಡ ಬಿಡೋ, ಪಾಪ. ಅವನಿಗೆ ಅಕ್ಕ ಇಲ್ಲವೇನೋ."

ದೀಪ ಆರಿಸಿ ಬಂದೆ. ನಾಳೆ ಬೆಂಚು ವಾಪಸು ಹಾಕಿಸಿದರೂ, ತೆಗೆಸಿದವನು ನಾನೇ ಅಂತ ಅವಳಿಗೆ ಹೇಳಲಾರೆ.