ಕುರಿಗಳನ್ನು ಕೇಳದೆ ನಿಲ್ಲಿಸಿದ ತಂಗುದಾಣ

ಮಾನ್ಯ ಕಟ್ಟಡ ವಿನ್ಯಾಸಾಧಿಕಾರಿಗಳೇ,

ನಮ್ಮ ಹಟ್ಟಿಯ ಬಸ್ ತಂಗುದಾಣವನ್ನು ನೀವು ರಸ್ತೆಯ ತಪ್ಪು ಬದಿಯಲ್ಲಿ ನಿಲ್ಲಿಸಿದ್ದೀರಿ. ಬರುವ ಶುಕ್ರವಾರ ಅದರ ಪಕ್ಕದಲ್ಲೇ, ಹಾಗೆಯೇ ಪಶ್ಚಿಮಕ್ಕೆ ಬಾಯಿ ತೆರೆದ ಅಂಗನವಾಡಿಯನ್ನೂ ನಿಲ್ಲಿಸಲಿದ್ದೀರಿ. ಮೊದಲನೆಯದರಲ್ಲಿ ನಾವು ಬೆಂದಾಯಿತು. ಎರಡನೆಯದರಲ್ಲಿ ಇಪ್ಪತ್ತೆರಡು ಮಕ್ಕಳು ಕೂರಬೇಕು.

ಆಧುನಿಕತೆಯ ವಿರೋಧಿ ಎಂದು ನನ್ನನ್ನು ಬದಿಗೆ ತಳ್ಳಬೇಡಿ. ಉದ್ಘಾಟನೆಯ ದಿನ ನೀವು ಹಂಚಿದ ‘ಸುಸ್ಥಿರತೆ, ಮೌಲ್ಯ, ಉತ್ಪಾದಕತೆ’ ಎಂಬ ಹನ್ನೆರಡು ಪುಟದ ಕಿರುಹೊತ್ತಗೆಯನ್ನು ಹದಿನೇಳು ಸಲ ಓದಿದ್ದೇನೆ. ಊರಿನ ಉಳಿದವರು ಅದರಿಂದ ಗಾಳಿ ಬೀಸಿಕೊಳ್ಳುತ್ತಾರೆ. ಕಾರ್ಖಾನೆಯಲ್ಲೇ ಸಿದ್ಧವಾದ ಗೋಡೆ, ಮರಳು ಸಿಮೆಂಟಿನ ಪೋಲಿಲ್ಲ, ನಾಲ್ಕೇ ಗಂಟೆಯ ಜೋಡಣೆ: ಎಲ್ಲವನ್ನೂ ಮನಸಾರೆ ಒಪ್ಪುತ್ತೇನೆ. ನಾಲ್ಕು ತಿಂಗಳು ಹಿಡಿಯುವ ತಪ್ಪನ್ನು ನಾಲ್ಕು ಗಂಟೆಯಲ್ಲಿ ಮುಗಿಸುವುದು ಖಂಡಿತ ಉತ್ಪಾದಕತೆಯೇ.

ಜೋಡಣೆಯ ದಿನ ನಾನಲ್ಲೇ ಇದ್ದೆ. ನಮ್ಮಲ್ಲಿ ಕುರಿ ಕೂಡಿಹಾಕಲು ರೊಪ್ಪ ಹಾಕುವ ಮುನ್ನ ಮೂರು ಮಧ್ಯಾಹ್ನ ಕುರಿಗಳನ್ನು ಸುಮ್ಮನೆ ಬಿಟ್ಟು ನೋಡುತ್ತಾರೆ. ಅವು ತಾವಾಗಿ ಎಲ್ಲಿ ಮಲಗುತ್ತವೋ ಅಲ್ಲೇ ಗೂಟ. ನನ್ನ ತಾತ ಕಾಟಪ್ಪನ ಕುರಿಗಳು ಅಂದು ರಸ್ತೆಯ ಆಚೆ ಬದಿ, ಬೇವಿನ ಕೆಳಗೆ ಮಲಗಿದ್ದವು.

“ಸಾಮಿ, ಕುರಿ ಅಲ್ಲಿ ಮಲಗವೆ. ಅಲ್ಲೇ ಇಕ್ಬುಡಿ,” ಎಂದ ತಾತ.

ನಿಮ್ಮ ಮೇಲ್ವಿಚಾರಕರು ಹಾಳೆ ಬಿಡಿಸಿದರು. “ಡ್ರಾಯಿಂಗ್‌ನಲ್ಲಿ ಕುರಿ ಇಲ್ಲ.”

“ಬಿಸ್ಲಾದ್ರೂ ಐತಾ ನೋಡಿ.”

ಅದೂ ಇರಲಿಲ್ಲ.

ಪಾವಗಡ ತಾಲ್ಲೂಕಿನಲ್ಲಿ ಬಿಸಿಲನ್ನೇ ಮರೆತ ನಕ್ಷೆ! ರಾಯಚರ್ಲು ಕಡೆ ಬಯಲಗಲ ಸೋಲಾರ್ ಹಲಗೆ ಹಾಸಿ ಬಿಸಿಲು ಹಿಡಿಯುತ್ತಾರೆ. ಅವರ ಕೈಗೆ ಸಿಗದೆ ತಪ್ಪಿಸಿಕೊಂಡದ್ದೆಲ್ಲ ನಮ್ಮ ತಂಗುದಾಣಕ್ಕೆ ಬಂದು ಕೂರುತ್ತದೆ. ಮಧ್ಯಾಹ್ನ ಮೂರಕ್ಕೆ ಆ ಉಕ್ಕಿನ ಬೆಂಚಿನ ಮೇಲೆ ಅದರ ಜೊತೆ ಕೂರುವವರು ಯಾರು? ಸಂಡಿಗೆ. ಪಕ್ಕದ ಮನೆಯ ಭೀಮಕ್ಕ ಬೆಂಚಿನುದ್ದಕ್ಕೂ ಇಟ್ಟು, “ಗೌರ್ಮೆಂಟು ಕೊನೆಗೂ ಒಂದು ಒಳ್ಳೆ ಕೆಲ್ಸ ಮಾಡ್ತು ಕಣಮ್ಮ, ಒಂದೇ ದಿನಕ್ಕೆ ಗರಿಗರಿ!” ಎನ್ನುತ್ತಾಳೆ. ನಿಮ್ಮ ಅಭಿಮಾನಿ ಅವಳೊಬ್ಬಳೇ.

ಮನುಷ್ಯರು ನಿಲ್ಲುವುದು ಹಿಂದುಗಡೆ, ಗೋಡೆಯ ನೆರಳಿನಲ್ಲಿ. ಡ್ರೈವರನಿಗೆ ಕಾಣುವುದು ಸಂಡಿಗೆ ಮಾತ್ರ. ಸಂಡಿಗೆ ಮಧುಗಿರಿಗೆ ಹೋಗುವುದಿಲ್ಲವಾದ್ದರಿಂದ ಅವನು ನಿಲ್ಲಿಸುವುದಿಲ್ಲ. ಒಮ್ಮೆ ಬೆನ್ನಟ್ಟಿ ಓಡಿದೆ. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, “ಎಕ್ಕಡುಂಟಿವಮ್ಮಾ, ಎಲ್ಲಿದ್ದೆ? ಸ್ಟಾಪ್‌ನಾಗೆ ನಿಂತ್ಕೋಬೇಕು ತಾನೆ!” ಎಂದು ಬುದ್ಧಿ ಹೇಳಿಯೇ ಹೋದ. ಹೀಗೆ ಹದಿನೇಳು ಬಸ್ಸು ತಪ್ಪಿವೆ. ನಿಮ್ಮ ಹೊತ್ತಗೆಯನ್ನು ಹದಿನೇಳು ಸಲ ಓದಿದ್ದು ಹೇಗೆಂದು ಈಗ ತಿಳಿಯಿತೇ?

ನಮ್ಮದನ್ನು ನಗುತ್ತಾ ಸಹಿಸಬಹುದು. ಆದರೆ ಊಟ ಮುಗಿಸಿ ಮಕ್ಕಳು ಮಲಗುವ ಹೊತ್ತಿಗೇ ಅಂಗನವಾಡಿಯೊಳಕ್ಕೆ ಆ ಬಿಸಿಲು ನುಗ್ಗಲಿದೆ. ಅಲ್ಲಿನ ಶಿಕ್ಷಕಿ ಶಾಂತಕುಮಾರಿ ನಿಮ್ಮ ನಕ್ಷೆ ನೋಡಿ ಕೇಳಿದ್ದು ಒಂದೇ ಮಾತು: “ಸಂಡಿಗೆ ಆದ್ರೆ ತಿರುವಿ ಹಾಕ್ಬೋದು. ಮಕ್ಳನ್ನ ಹೆಂಗಮ್ಮ ತಿರುವಿ ಹಾಕ್ಲಿ?”

ನಿಮ್ಮ ಹೊತ್ತಗೆಯ ಏಳನೇ ಪುಟ: ಬಳಸುವವರನ್ನು ಕೇಳಿಯೇ ವಿನ್ಯಾಸ ಆರಂಭಿಸಬೇಕು. ಒಂಬತ್ತನೇ ಪುಟ: ಇಡೀ ಕಟ್ಟಡವನ್ನು ಬೋಲ್ಟು ಬಿಚ್ಚಿ ಬೇರೆಡೆ ಜೋಡಿಸಬಹುದು. ಬರೆದವರು ನೀವು, ನಂಬಿದವಳು ನಾನೊಬ್ಬಳೇ ಆಗಬೇಕೇ? ತಂಗುದಾಣವನ್ನು ಬಿಚ್ಚಿ ಬೇವಿನ ಬದಿಗೆ ಒಯ್ಯಿರಿ, ಪೂರ್ವಕ್ಕೆ ಮುಖ ಮಾಡಿ. ಅಂಗನವಾಡಿಯ ನಕ್ಷೆಯನ್ನು ಶುಕ್ರವಾರಕ್ಕೆ ಮೊದಲೇ ತಿರುಗಿಸಿ. ಕಾಗದ ತಿರುಗಿಸಲು ಕ್ರೇನು ಬೇಕಿಲ್ಲ.

ಅನುಮಾನವಿದ್ದರೆ ಹಿಂದಿನ ದಿನವೇ ಬನ್ನಿ. ಆ ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತು ತೋರಿಸಿ, ಈ ಪತ್ರವನ್ನು ಹಿಂಪಡೆಯುತ್ತೇನೆ. ನಿಮ್ಮೊಬ್ಬರಿಗೆ ಸಾಲುವಷ್ಟು ಸಂಡಿಗೆ ತೆಗೆಯಲು ಭೀಮಕ್ಕ ಒಪ್ಪಿದ್ದಾಳೆ. ಯಾರೂ ಕಾಣಲಿಲ್ಲವೆಂದು ಬಸ್ಸಿನಂತೆ ಮುಂದೆ ಹೋಗಿಬಿಡಬೇಡಿ. ಒಮ್ಮೆ ಹಾರ್ನ್ ಹೊಡೆಯಿರಿ, ಹಿಂದಿನಿಂದ ಇಡೀ ಊರೇ ಬರುತ್ತದೆ.

ಇಂತಿ,
ನೀವು ಕಟ್ಟದೆಯೇ ಕೊಟ್ಟ ಹಿಂಬದಿ ನೆರಳಿನ ಕಾಯಂ ಫಲಾನುಭವಿ,
ಲಾವಣ್ಯ

ತಾ.ಕ.: ನೀವು ಬರಬೇಕಾದದ್ದು ಗುರುವಾರ, ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ.