ಮಾವನ ಬೊಜ್ಜಕ್ಕೆ ರಜೆ

ಬೈಂದೂರು, ಸೋಮವಾರ

ತಂಗಿ ವನಜಾ,

ಫೋನು ಐಸಿನ ತೊಟ್ಟಿಗೆ ಬಿದ್ದು ಹಾಳಾಯಿತು, ಅದಕ್ಕೆ ಈ ಕಾರ್ಡು. ತೀರಿಹೋದ ನಮ್ಮ ಸೋದರಮಾವನ ಬೊಜ್ಜದ ಕ್ರಿಯೆಗೆ ರಜೆ ಸಿಕ್ಕಿದೆ. ಹೇಗೆ ಅಂದರೆ ನೀನು ನಂಬಲಿಕ್ಕಿಲ್ಲ.

ಈ ಜಪಾನಿನವರ ಮೀನು ಫ್ಯಾಕ್ಟರಿಯಲ್ಲಿ ಸಾವಿನ ರಜೆ ಇದ್ದದ್ದು ಅಪ್ಪ, ಅಮ್ಮ, ಹೆಂಡತಿ, ಮಕ್ಕಳು ತೀರಿದರೆ ಮಾತ್ರ. ನನಗೆ ತಲೆ ಕೆಟ್ಟಿತು. ಜಪಾನಿನ ದೊಡ್ಡ ಸಾಹೇಬನ ಎದುರೇ ಕೂಗಿದೆ: "ನಮ್ಮಲ್ ಮನೆ ಬಪ್ಪುದೇ ಮಾವನಿಂದ ಅಳಿಯನಿಗ್! ಅಳಿಯ ಇಲ್ದೆ ಬೊಜ್ಜ ಆತ್ತಾ?" ಆಫೀಸಿನ ನವ್ಯಾ ಹೆದರುತ್ತಲೇ ಅದನ್ನು ಅವನ ಭಾಷೆಯಲ್ಲಿ ಹೇಳಿದಳು. ಕೆಲಸ ಹೋಯಿತು ಅಂದುಕೊಂಡೆ.

ಆ ಮನುಷ್ಯ ಎದ್ದು ನಿಂತು, ಮೀನು ಕೊಯ್ಯುವ ನನ್ನೆದುರು ಸೊಂಟ ಬಗ್ಗಿಸಿ ತಲೆ ತಗ್ಗಿಸಿದ ಮಾರಾಯ್ತಿ! ಇನ್ನು ಇಲ್ಲಿ ಸೋದರಮಾವ ತೀರಿದರೆ ಎಲ್ಲರಿಗೂ ರಜೆಯಂತೆ. ಆಮೇಲೆ ಏನೋ ಕೇಳಿದ.

"ಹ್ವಾಯ್ ಸೋಮಣ್ಣ, ನಿಮ್ಗ್ ಅಳಿಯ ಯಾರ್ ಅಂದೇಳಿ ಕೇಂತಿದ್ರ್" ಅಂದಳು ನವ್ಯಾ.

ನಿನ್ನ ಮಗನ ಹೆಸರು ಹೇಳಿದೆ. "ಯತೀಶ, ಯತೀಶ" ಅಂತ ನಾಲಿಗೆ ತಿರುಗಿಸಿ ಕಲಿತುಕೊಂಡ.

ಥಂಡಿಗೆ ಸ್ವಲ್ಪ ಶೀತ, ಬೇರೆ ಎಲ್ಲ ಸಮ. ಗುರುವಾರ ಬರುತ್ತೇನೆ. ನಾನು ಸತ್ತರೆ ಯಾರು ಬರಬೇಕೆಂದು ಜಪಾನಿನವನಿಗೂ ಗೊತ್ತಾಗಿದೆ, ಯತೀಶನಿಗೆ ಹೇಳು.

ನಿನ್ನ ಅಣ್ಣ
ಸೋಮ