ಚೆಂಡುಗಳನ್ನು ಮನೆಗೆ ತಂದದ್ದು

ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಸೊಸೆಗೆ,

ಸೊಸೆ ಅಂತಲೇ ಬರೆದಿದ್ದೇನೆ. ಇನ್ನು ಮೇಲೆ ನಿನ್ನನ್ನು ಏನಂತ ಕರೆಯಬೇಕು ಅಂತ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಬೇರೆ ಯಾವುದೂ ಬಾಯಿಗೆ ಹೊಂದಲಿಲ್ಲ. ನೀನು, ನಿಮ್ಮವರು, ನನ್ನ ಮೊಮ್ಮಗಳು ಗುಬ್ಬಿ ಎಲ್ಲರೂ ಹುಷಾರಾಗಿದ್ದೀರಿ ತಾನೇ? ಊರು ಮುಟ್ಟಿದ ಕೂಡಲೇ ಬರೆಯುತ್ತೇನೆ ಅಂದವಳು ಇಷ್ಟು ದಿನ ಸುಮ್ಮನಿದ್ದೆ, ಕ್ಷಮಿಸು. ಬಲಗೈ ಮಣಿಕಟ್ಟು ಉಳುಕಿ ಊದಿಕೊಂಡಿತ್ತು. ಹೊಲಿಗೆ ಮಿಷನ್ನಿಗೂ ರಜ. ಪರದೆ ಹೊಲಿಯಲು ಕೊಟ್ಟವರು ದಿನಾ ಬಾಗಿಲಿಗೆ ಬಂದು, ನನ್ನ ಕೈ ನೋಡಿ, ಬೈಯಲೂ ಆಗದೆ ವಾಪಸ್ ಹೋಗುತ್ತಿದ್ದಾರೆ.

ಫೋನಿನಲ್ಲಿ "ಎಲ್ಲ ಸರಿಯಾಗಿ ಬಂತು" ಅಂದೆನಲ್ಲ, ಅದು ಅರ್ಧ ನಿಜ. ಪಕ್ಕದಲ್ಲೇ ನಿನ್ನ ಮಾವ ಕೂತಿದ್ದರು. ಈಗ ಟಿವಿ ಮುಂದೆ ನಿದ್ದೆ ಹೋಗಿದ್ದಾರೆ. ಆರಿಸಿದರೆ ಮಾತ್ರ ಎಚ್ಚರವಾಗುತ್ತದೆ, ಅದಕ್ಕೇ ಓಡಲಿ ಅಂತ ಬಿಟ್ಟು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಾನು ನಿನ್ನ ಮದುವೆಗೆ ಅಂತ ಬಂದೆ, ಹೋಗುವಾಗ ಮಗನ ಬೌಲಿಂಗ್ ಚೀಲ ಕೇಳಿದೆ, ಸಾಲಾಗಿ ನಿಲ್ಲಿಸಿದ ಪಿನ್ನುಗಳನ್ನು ಬೀಳಿಸಲು ಅವನು ಉರುಳಿಸುತ್ತಿದ್ದ ಆ ಕಲ್ಲಿನಂಥ ಚೆಂಡುಗಳ ಚೀಲ. ಆಗ ನೀನು ಮಂಚದ ಕೆಳಗಿಂದ ಎಳೆದು ಕೊಟ್ಟೆ. ಕೇಳಿದ್ದು ನಾನಲ್ಲ ಅಂತ ನಿನಗೆ ಅವತ್ತೇ ಗೊತ್ತಾಗಿರಬೇಕು. ನೀನು ಮದುವೆಯ ವಿಷಯ ಹೇಳಿದ ದಿನ ಮಾವ "ಆಯ್ತು" ಅಂತಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟರಲ್ಲ, ಆಮೇಲೆ ನನ್ನ ಹತ್ತಿರ ಅಂದದ್ದು ಇಷ್ಟು: "ಅವಳಿಗಿನ್ನೂ ಚಿಕ್ಕ ವಯಸ್ಸು, ಮಾಡ್ಕೊಳ್ಲಿ. ನಾನು ಬರಲ್ಲ. ಆದ್ರೆ ಅವನ ಚೆಂಡುಗಳು ಇನ್ನೊಬ್ಬರ ಮನೇಲಿ ಬಿದ್ದಿರಬಾರದು. ನೀನು ಹೋಗ್ತೀಯಲ್ಲ, ತಂದುಬಿಡು." ಅಷ್ಟು ಹೇಳಿ ಬೆನ್ನು ತಿರುಗಿಸಿ ಮಲಗಿದರು.

ಹೊರಡುವ ದಿನ ನಿನಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಬಂದವರು ನಿಮ್ಮವರು ಮತ್ತು ಗುಬ್ಬಿ. ಅಲ್ಲಿ ಆದದ್ದನ್ನು ಅವರು ನಿನಗೆ ಹೇಳಿರಲಿಕ್ಕಿಲ್ಲ. ಹೇಳಿಕೊಳ್ಳುವ ಸ್ವಭಾವ ಅವರದಲ್ಲ ಅಂತ ಆ ನಾಲ್ಕು ದಿನದಲ್ಲೇ ನೋಡಿದೆ. ಕನ್ನಡಕದ ಅಂಗಡಿಯಲ್ಲಿ ಕೂತು ಕೂತು ಬಂದ ಅಭ್ಯಾಸವೋ ಏನೋ, ಎದುರಿನವರ ಕಣ್ಣು ನೋಡುತ್ತಾರೆ, ಮಾತು ಕಡಿಮೆ.

ಕೌಂಟರಿನ ಹುಡುಗಿ ಚೀಲವನ್ನು ತೂಕಕ್ಕೆ ಇಟ್ಟ ಕೂಡಲೇ ತಲೆ ಅಲ್ಲಾಡಿಸಿದಳು. "ಇಷ್ಟು ಭಾರ ಒಂದೇ ಚೀಲದಲ್ಲಿ ಹೋಗಲ್ಲಮ್ಮಾ. ಒಳಗೇನಿದೆ?"

"ಚೆಂಡು."

"ಬರೀ ಚೆಂಡಾ?"

"ಎರಡಿವೆ. ಜೊತೆಗೆ ಬೂಟು."

ಅವಳು ಪಕ್ಕದವಳ ಮುಖ ನೋಡಿ ನಕ್ಕಳು. ನನಗೂ ನಗು ಬಂತು. ಒಂದನ್ನು ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ ಅಂದಳು. ಸರಿ, ಹಳೆಯ ನೀಲಿ ಚೆಂಡನ್ನು ತೆಗೆದು ಬಟ್ಟೆಯ ಕೈಚೀಲಕ್ಕೆ ಹಾಕಿಕೊಂಡೆ. ಮಣಿಕಟ್ಟು ಹೋದದ್ದು ಅಲ್ಲೇ. ನಿಮ್ಮವರಿಗೆ ಕೈ ಬೀಸಿ, ಗುಬ್ಬಿಯ ಕೆನ್ನೆ ಹಿಂಡಿ ಒಳಗೆ ಹೋದೆ.

ತಪಾಸಣೆಯ ಹತ್ತಿರ ಬೆಲ್ಟ್ ನಿಂತುಬಿಟ್ಟಿತು. ಪರದೆಯ ಮೇಲೆ ಕಪ್ಪಗೆ ದುಂಡಗೆ ಏನೋ ಕಂಡಿತಂತೆ. ಇಬ್ಬರು ಬಂದರು, ಆಮೇಲೆ ಅವರ ಮೇಲಿನವರು ಬಂದರು. ಚೆಂಡನ್ನು ತೆಗೆದು, ತಟ್ಟಿ, ಮೂರು ತೂತುಗಳಿಗೂ ದೀಪ ಬಿಟ್ಟು ನೋಡಿದರು. "ನೀವು ಆಡ್ತೀರಾ?" ಅಂದರು ದೊಡ್ಡವರು. "ನನ್ನ ಮಗ ಆಡ್ತಿದ್ದ" ಅಂದೆ. ಅವರು ಒಳ್ಳೆಯವರೇ, ದನಿ ತಗ್ಗಿಸಿ ಹೇಳಿದರು: "ನೋಡಿ ಅಮ್ಮಾ, ಇದನ್ನ ಕ್ಯಾಬಿನ್ನಿಗೆ ಬಿಡೋ ಹಾಗಿಲ್ಲ. ಒಂದೋ ವಾಪಸ್ ಹೋಗಿ ಲಗೇಜಿಗೆ ಹಾಕಿಸಿ, ಇಲ್ಲಾಂದ್ರೆ ಇಲ್ಲೇ ಬಿಟ್ಟು ಹೋಗಿ." ಬಿಟ್ಟು ಹೋಗುವ ಜಾಗ ತೋರಿಸಿದರು. ಒಂದು ಪ್ಲಾಸ್ಟಿಕ್ ತೊಟ್ಟಿ, ಅದರ ತುಂಬ ನೀರಿನ ಬಾಟಲಿ, ಕತ್ತರಿ, ಶಾಂಪೂ ಡಬ್ಬಿ.

ಅದರೊಳಗೆ ಹಾಕಲು ನನ್ನಿಂದ ಆಗಲಿಲ್ಲ ಕಣೇ. ವಿಮಾನ ಹೋದರೆ ಹೋಗಲಿ ಅಂತ ಚೆಂಡನ್ನು ಎದೆಗೆ ಅವುಚಿಕೊಂಡು ವಾಪಸ್ ನಡೆದೆ. ಎಂಟು ತಿಂಗಳ ಕೂಸಾಗಿದ್ದಾಗ ಅವನೂ ಹೆಚ್ಚುಕಡಿಮೆ ಅಷ್ಟೇ ಭಾರ ಇದ್ದ.

ನಿಮ್ಮವರು ಇನ್ನೂ ಗಾಜಿನ ಬಾಗಿಲ ಹತ್ತಿರವೇ ಇದ್ದರು. ವಿಮಾನ ಏರಿತು ಅಂತ ಖಾತ್ರಿಯಾಗದೆ ಹೋಗುವುದು ಬೇಡ ಅಂತ ಕಾಯುತ್ತಿದ್ದರಂತೆ. ನನ್ನ ಮುಖವನ್ನೂ ಕೈಯಲ್ಲಿದ್ದ ಚೆಂಡನ್ನೂ ನೋಡಿದರು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೈಯಲ್ಲಿ ಒಯ್ಯುತ್ತಿದ್ದ ನನ್ನ ಚಿಕ್ಕ ಪೆಟ್ಟಿಗೆ ತೆಗೆದು ಬಟ್ಟೆಗಳನ್ನೆಲ್ಲ ಹೊರಗಿಟ್ಟರು. ತಾವು ಹಾಕಿಕೊಂಡಿದ್ದ ಬೂದುಬಣ್ಣದ ಸ್ವೆಟರ್ ಬಿಚ್ಚಿ, ಚೆಂಡಿಗೆ ಸುತ್ತಿ, ತೋಳುಗಳನ್ನು ಗಂಟು ಹಾಕಿ ಪೆಟ್ಟಿಗೆಯೊಳಗೆ ಕೂರಿಸಿದರು. ಎಳೆ ಕೂಸಿಗೆ ಬಟ್ಟೆ ಸುತ್ತುವ ಹಾಗೆ ಸುತ್ತಿದರು. "ನಿಮ್ಮ ಬಟ್ಟೆ ನಮ್ಮನೇಲಿರಲಿ ಅಮ್ಮಾ. ತಗೊಂಡು ಹೋಗೋಕಾದ್ರೂ ಬರ್ತೀರಿ" ಅಂದರು. ಅದನ್ನೂ ಲಗೇಜಿಗೆ ಹಾಕಿಸಿ ನಾನು ಓಡಿದೆ. ಕೊನೆಗೆ ಹತ್ತಿದವಳು ನಾನೇ. ಎಲ್ಲರೂ ನನ್ನನ್ನೇ ನೋಡಿದರು.

ಇದು ನನ್ನ ಎರಡನೇ ವಿಮಾನ ಪ್ರಯಾಣ. ಮೂರು ವರ್ಷದ ಹಿಂದಿನ ಮೊದಲನೆಯದು ನೆನಪಿದೆಯಲ್ಲ. ಜ್ವರ ತಲೆಗೇರಿದೆ ಅಂತ ನೀನು ಫೋನ್ ಮಾಡಿದೆ, ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನು ಇರಲಿಲ್ಲ. ಅವನೋ ಪಂದ್ಯ ಪಂದ್ಯಕ್ಕೂ ಇದೇ ಚೀಲ ಎಳೆದುಕೊಂಡು ಹಾರಾಡುತ್ತಿದ್ದವನು. ಲಿಫ್ಟ್ ರಿಪೇರಿಯವನ ಸಂಬಳವೆಲ್ಲ ಆಕಾಶಕ್ಕೇ ಹೋಗುತ್ತೆ ಅಂತ ನೀನು ರೇಗಿಸುತ್ತಿದ್ದೆ. ಪ್ರತಿ ಸಲ ಕೌಂಟರಿನಲ್ಲಿ ಇಷ್ಟು ಪಾಡು ಪಡುತ್ತಿದ್ದನೇನೋ, ನನಗೆ ಒಂದು ದಿನವೂ ಹೇಳಿರಲಿಲ್ಲ.

ಇಲ್ಲಿ ಇಳಿದಾಗ ದೊಡ್ಡ ಚೀಲ ಬಂತು. ಚಿಕ್ಕ ಪೆಟ್ಟಿಗೆ ಬರಲಿಲ್ಲ. ಬೆಲ್ಟ್ ಖಾಲಿ ಸುತ್ತುವುದನ್ನು ಒಳಗಿಂದ ನಾನು, ಕರೆದೊಯ್ಯಲು ಬಂದು ಗಾಜಿನಾಚೆ ನಿಂತಿದ್ದ ನಿನ್ನ ಮಾವ, ಇಬ್ಬರೂ ನೋಡುತ್ತ ನಿಂತೆವು. ಎರಡು ದಿನ ಬಿಟ್ಟು ಯಾರೋ ತಂದುಕೊಟ್ಟು ಸಹಿ ಹಾಕಿಸಿಕೊಂಡು ಹೋದರು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು.

ಮಾವನೇ ತೆಗೆದರು. "ಈ ಸ್ವೆಟರ್ ಯಾರದು?" ಅಂದರು.

"ಅವಳ ಗಂಡನದು" ಅಂದೆ. ಆ ಮಾತನ್ನು ಈ ಮನೆಯಲ್ಲಿ ಆಡಿದ್ದು ಅದೇ ಮೊದಲು. ಏನಾಗುತ್ತೋ ಅಂತ ಗೋಡೆ ಹಿಡಿದು ನಿಂತೆ.

ಅವರು ಗಂಟು ಬಿಚ್ಚಿದರು. ಚೆಂಡು ಒಡೆದಿತ್ತು. ಹೆಬ್ಬೆರಳಿನ ತೂತಿನಿಂದ ಉಳಿದೆರಡು ತೂತುಗಳವರೆಗೆ ಒಂದು ಬಿರುಕು, ಉಗುರು ಇಳಿಯುವಷ್ಟು. ಅಷ್ಟು ಬೆಚ್ಚಗೆ ಸುತ್ತಿದ್ದರೂ ಒಡೆದಿತ್ತು. ಕೂಗಾಡುತ್ತಾರೆ ಅಂದುಕೊಂಡೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ತೂತುಗಳಿಗೆ ತಮ್ಮ ಬೆರಳು ಹಾಕಿದರು. ಅವನ ಕೈಯಳತೆಗೆ ಕೊರೆಸಿದ್ದಲ್ಲವಾ, ಇವರ ಬೆರಳು ಒಳಗೆ ಸಡಿಲವಾಗಿ ಆಡುತ್ತಿದ್ದವು. ತೆಗೆದರು, ಮತ್ತೆ ಹಾಕಿದರು.

"ಅವನ ಕೈ ಇಷ್ಟು ದೊಡ್ಡದಾಗಿದ್ದು ಯಾವಾಗ?" ಅಂತ ನನ್ನನ್ನು ಕೇಳಿದರು.

ಆಸ್ಪತ್ರೆಯಲ್ಲೂ ಅಳದಿದ್ದ ಮನುಷ್ಯ ಅವತ್ತು ಚೆಂಡಿನ ಮೇಲೆ ತಲೆಯಿಟ್ಟು ಅತ್ತರು. ನಾನು ಹತ್ತಿರ ಹೋಗಲಿಲ್ಲ. ಅತ್ತು ಮುಗಿಯಲಿ ಅಂತ ಒಲೆಯ ಮುಂದೆ ನಿಂತು ನಾನೂ ಅತ್ತೆ.

ಮಾರನೇ ದಿನ ಸ್ವೆಟರನ್ನು ಬಕೆಟ್ಟಿನಲ್ಲಿ ನೆನೆಸಿ ತಾವೇ ಹಿಂಡಿದರು. ನನಗೆ ಮುಟ್ಟಲು ಬಿಡಲಿಲ್ಲ. "ಚಳಿ ಶುರುವಾಗುತ್ತೆ, ಅವರಿಗೆ ಬೇಕಾಗುತ್ತೆ, ಕಳಿಸು" ಅಂದರು. ಅವರಿಗೆ ಅಂದರು, ಗಮನಿಸಿದೆಯಾ? ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಪೊಟ್ಟಣದ ಮೇಲಿನ ವಿಳಾಸ ಮಾವನ ಕೈಬರಹ. ಅದಕ್ಕಿಂತ ಹೆಚ್ಚನ್ನು ಸದ್ಯಕ್ಕೆ ಅವರಿಂದ ಬಯಸಬೇಡ. ಚೆಂಡು ಒಡೆದ ವಿಷಯ ಮಾತ್ರ ನಿಮ್ಮವರ ಕಿವಿಗೆ ಹಾಕಬೇಡ, ಸುತ್ತಿದ್ದು ಸರಿಯಾಗಲಿಲ್ಲವೇನೋ ಅಂತ ಸುಮ್ಮನೆ ಕೊರಗುತ್ತಾರೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಡ್ಯೂಟಿ ಡ್ಯೂಟಿ ಅಂತ ಸೊರಗಬೇಡ. ಮೂವರೂ ನೂರು ಕಾಲ ನಗುನಗುತ್ತ ಬಾಳಿ. ನನ್ನ ಮನೆಯಲ್ಲಿ ಕಂಡ ದುಃಖ ನಿನಗೆ ಅಲ್ಲಿ ಕನಸಿನಲ್ಲೂ ಕಾಣದಿರಲಿ. ಇದು ಹೊಟ್ಟೆಯೊಳಗಿನ ಮಾತು.

ಇಂತಿ,
ನಿನ್ನ ಅತ್ತೆ

ಮರೆತಿದ್ದಲ್ಲ, ಬರೆಯಬಾರದು ಅಂತಲೇ ಇದ್ದೆ. ಅವತ್ತು ನಾನು ಎರಡನೇ ಸಲ ಒಳಗೆ ಓಡುವಾಗ ಹಿಂದಿನಿಂದ ಗುಬ್ಬಿ "ಅಪ್ಪಾ" ಅಂತ ಕೂಗಿದಳು. ನಾನು ಗಕ್ಕನೆ ನಿಂತು ತಿರುಗಿ ನೋಡಿದೆ. ಯಾರನ್ನು ಹುಡುಕಿದೆ ಅಂತ ನಿನಗೆ ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತಿದ್ದವರು ನಿಮ್ಮವರು, ತೋಳಿನ ಮೇಲೆ ನನ್ನ ಬಟ್ಟೆಗಳು. ನನ್ನನ್ನು ಕಂಡು ಅವರ ಮುಖ ಸಣ್ಣದಾಯಿತು. "ನಾನು ಹೇಳಿಕೊಟ್ಟಿದ್ದಲ್ಲ ಅಮ್ಮಾ" ಅಂದರು. "ಗೊತ್ತಪ್ಪಾ" ಅಂದೆ. ನನ್ನ ಮಗ ಹೋದಾಗ ಅವಳಿಗೆ ಇನ್ನೂ ಮಾತು ಬಂದಿರಲಿಲ್ಲ. ಆ ಒಂದು ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಮಗುವನ್ನು ತಿದ್ದಬೇಡ, ಕರೆಯಲಿ, ಓಗೊಡಲು ಒಬ್ಬರಿದ್ದಾರಲ್ಲ. ನಾನು ಎದುರಿಗಿದ್ದಾಗ ಕರೆದರೆ ಮತ್ತೆ ತಿರುಗಿ ನೋಡಿಯೇನು. ನೀವು ಕಂಡೂ ಕಾಣದ ಹಾಗೆ ಇದ್ದುಬಿಡಿ.